ಅಕ್ಕ ಉಂಡ ಮೇಲೆ

ಸೇಡಂ, 9 ಜೂನ್ 2003, ಸೋಮವಾರ

ಯಾರದು ಈ ಪುಟ ತೆರೆದು ಕೂತವರು? ನಾಚಿಕೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದಿರಾ? ಪ್ರಮಿತಾ, ನೀನಾಗಿದ್ದರೆ ಮುಚ್ಚಿಟ್ಟು ಹೋಗಿ ನಿನ್ನ ಕಾಲೇಜಿನ ಪುಸ್ತಕ ಓದು, ಹೋದ ವರ್ಷ ಗಣಿತದಲ್ಲಿ ಬಿದ್ದದ್ದು ಅಜ್ಜಿ ಮರೆತಿಲ್ಲ. ವಿಠ್ಠಲ, ನೀನಾಗಿದ್ದರೆ ಕೇಳುತ್ತೇನೆ, ಹೆತ್ತ ತಾಯಿಯ ಮಾತು ಎದುರಿಗೆ ಕೂತು ಕೇಳಲು ಪುರುಸೊತ್ತಿಲ್ಲದವನಿಗೆ ಕದ್ದು ಓದಲು ಎಲ್ಲಿಂದ ಬಂತು ಪುರುಸೊತ್ತು? ಚಂಪಾ, ನೀನಾಗಿದ್ದರೆ ಬೇಡ ಅನ್ನುವುದಿಲ್ಲ. ಓದು. ಓದಿ ಉರಿದುಕೊ.

ಈ ಡೈರಿ ವಿಠ್ಠಲನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯ ಕಚೇರಿಯಲ್ಲಿ ಕೊಟ್ಟದ್ದು. ಆರು ತಿಂಗಳು ಧೂಳು ತಿಂದಿತ್ತು, ನಾನು ತೆಗೆದುಕೊಂಡೆ. ಕೊಡ್ಲಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು ನಾನು, ತಪ್ಪು ಹುಡುಕುವವರು ಹುಡುಕಿಕೊಳ್ಳಲಿ. ಈ ಮನೆಯಲ್ಲಿ ನನ್ನ ಮಾತು ಕೇಳುವ ಕಿವಿ ಉಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರ ಬಾಯಲ್ಲೂ ಒಂದೇ ಹೆಸರು. ಕಾಕು, ಕಾಕು, ಕಾಕು.

ಆ ಕಾಕು, ಅಂದರೆ ವಿಠ್ಠಲನ ಚಿಕ್ಕಮ್ಮ ಚಂಪಾ, ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಮ್ಮ ಯಜಮಾನರೂ ಹೋದರು, ಅವಳ ಗಂಡನೂ ಹೋದ. ಅವಳಿಗೆ ಮಕ್ಕಳಿಲ್ಲ, ನನಗೆ ವಿಠ್ಠಲನೊಬ್ಬ. ಇಬ್ಬರು ಮುದುಕಿಯರು, ಮಗ, ಸೊಸೆ ಧನಶ್ರೀ, ಮೊಮ್ಮಗಳು ಪ್ರಮಿತಾ, ಎಲ್ಲರಿಗೂ ಒಂದೇ ಒಲೆ. ಹೋದ ತಿಂಗಳು ಚಂಪಾ ತುಳಸಿಗೆ ನೀರು ಹಾಕುತ್ತ ತಲೆ ತಿರುಗಿ ಕೂತುಬಿಟ್ಟಳು. ಕೂತದ್ದಷ್ಟೇ, ಬಿದ್ದದ್ದೂ ಅಲ್ಲ. ಅಷ್ಟಕ್ಕೇ ವಿಠ್ಠಲ ಜೀಪು ಮಾಡಿಕೊಂಡು ಗುಲಬರ್ಗಾಕ್ಕೆ ಒಯ್ದ. ನನ್ನ ಮೊಣಕಾಲು ಹಿಡಿದು ವರ್ಷಗಳಾದವು. ಜೀಪು ಹಾಳಾಗಲಿ, ಒಂದು ಶೀಶೆ ಎಣ್ಣೆ ತರಲು ಅವನ ಹಿಂದೆ ಹಿಂದೆ ತಿರುಗಬೇಕಾಯಿತು.

ಅಲ್ಲಿಯ ಡಾಕ್ಟರು ಬಿಪಿ ಭಾಳ ಇದೆ, ರಕ್ತದಲ್ಲಿ ಸಕ್ಕರೆಯೂ ಇದೆ, ಹೃದಯ ದಣಿದಿದೆ ಎಂದರಂತೆ. ದಿನಾ ಬೆಳಿಗ್ಗೆ ಎಂಟಕ್ಕೆ ಏನಾದರೂ ತಿಂದು ಗುಳಿಗೆ ನುಂಗಬೇಕು. ಉಪ್ಪು ಬೇಡ, ಉಪ್ಪಿನಕಾಯಿ ಬೇಡ, ಕರಿದದ್ದು ಬೇಡ, ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಹೃದಯ ದಣಿದಿದೆಯಂತೆ! ಈ ಮನೆಯಲ್ಲಿ ದಣಿಯುವ ಕೆಲಸ ಮಾಡಿದವರು ಯಾರು ಎಂದು ಆ ಡಾಕ್ಟರು ಕೇಳಲಿಲ್ಲ.

12 ಜೂನ್, ಗುರುವಾರ

ನನ್ನ ಉಪ್ಪಿನಕಾಯಿಯ ಭರಣಿಗಳನ್ನು ಮೇಲಿನ ಅಟ್ಟಕ್ಕೆ ಏರಿಸಿದರು. ಶಹಾಬಾದಿನ ಬೀಗರು ಇಂದಿಗೂ ಡಬ್ಬಿ ಕೊಟ್ಟು ಕಳಿಸಿ ಬೇಡಿ ಒಯ್ಯುವ ಉಪ್ಪಿನಕಾಯಿ ಅದು. ಸಾರು ಬಾಯಿಗಿಟ್ಟರೆ ಬಿಸಿನೀರು.

"ಧನಶ್ರೀ, ಉಪ್ಪು ಮರ್ತೀ."

"ಮರ್ತಿಲ್ಲ ಅತ್ಯಾ. ಕಾಕುಗ ನಡ್ಯಂಗಿಲ್ಲ, ಅದಕ್ಕ ಎಲ್ಲಾರಿಗೂ ಕಮ್ಮಿ ಹಾಕೀನಿ. ನಮಗೂ ಛೊಲೋನೇ ಅಂತ."

"ಹಂಗಾದ್ರ ಆಕಿಗೆ ಕೆಮ್ಮು ಬಂದ್ರ ನಾವೆಲ್ಲಾ ಕೆಮ್ಮಬೇಕೇನು?"

ಪ್ರಮಿತಾ ನಕ್ಕಳು. ಚಂಪಾ ತಲೆ ತಗ್ಗಿಸಿ, "ಅಕ್ಕಗ ಬ್ಯಾರೆ ಹಾಕವ್ವ, ನನ್ನ ಸಲುವಾಗಿ ಅವ್ರ ಬಾಯಿ ಯಾಕ ಕೆಡಸ್ತಿ" ಎಂದಳು. ಹೀಗೇ ಇವಳು. ನಾನು ಜಗಳ ತೆಗೆದರೆ ಇವಳು ಒಳ್ಳೆಯವಳಾಗಿ ಬಿಡುತ್ತಾಳೆ. ನಲವತ್ತು ವರ್ಷದಿಂದ ಇದೇ ಆಟ.

15 ಜೂನ್, ಭಾನುವಾರ

ಡಾಕ್ಟರು ನಡೆಯಲು ಹೇಳಿದ್ದಾರೆಂದು ಚಂಪಾ ದಿನಾ ನಸುಕಿನಲ್ಲಿ ಸ್ಟೇಷನ್ ರಸ್ತೆಗೆ ಹೋಗುತ್ತಾಳೆ. ಜೊತೆಗೆ ಪಕ್ಕದ ಮನೆಯ ಖುರ್ಷಿದಬೇಗಂ. ಅವಳ ಗಂಡ ನಬೀಸಾಬರಿಗೆ ಶಹಾಬಾದ ಕಲ್ಲಿನ ವ್ಯಾಪಾರ. ಮನೆ ತುಂಬ ಸೊಸೆಯರು, ಅವಳಿಗೆ ಕೆಲಸವಿಲ್ಲ. ಇಬ್ಬರೂ ನಗುತ್ತ ಹೋಗುತ್ತಾರೆ, ನಗುತ್ತ ಬರುತ್ತಾರೆ. ಅಷ್ಟು ನಗುವಂಥದ್ದು ಆ ರಸ್ತೆಯಲ್ಲಿ ಏನಿದೆ? ಸುಣ್ಣದ ಧೂಳು, ಲಾರಿ, ಹಂದಿ.

"ಏನು ಮಾತಾಡ್ತೀರಿ ಅಷ್ಟು?" ಎಂದು ಕೇಳಿದೆ.

"ಏನಿಲ್ಲ ಅಕ್ಕಾ, ಹಿಂಗೇ."

ಹಿಂಗೇ ಅಂತೆ. ನನ್ನ ಜೊತೆ ಇಷ್ಟು ವರ್ಷ ಒಂದು ದಿನವಾದರೂ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದಿದೆಯೇ?

18 ಜೂನ್, ಬುಧವಾರ

ಇಂದು ಮನಸ್ಸಿಗೆ ಸಮಾಧಾನವಾಗಿದೆ.

ಚಂಪಾ ಈ ಮನೆಗೆ ಸೊಸೆಯಾಗಿ ಬಂದ ದಿನ ನಮ್ಮ ಅತ್ತೆ ಅವಳಿಗೆ ಹೇಳಿದ್ದು ಒಂದೇ ಮಾತು: "ಹಿರೇಕಿ ಉಂಡ ಮ್ಯಾಲೆ ನಿಂದು." ಅಂದಿನಿಂದ ಇಂದಿನವರೆಗೆ ನಾನು ಉಣ್ಣುವ ಮೊದಲು ಅವಳು ತುತ್ತು ಎತ್ತಿದ್ದಿಲ್ಲ. ಅತ್ತೆ ಹೋಗಿ ಎಷ್ಟು ಕಾಲವಾಯಿತು. ಬಸುರಿಯಾಗಿದ್ದಾಗ, ಆ ಬಸಿರು ನಿಲ್ಲದೆ ಹೋದಾಗ ಕೂಡ ಬಿಟ್ಟಿದ್ದಿಲ್ಲ. ನಾನು ಮಡಿಯುಟ್ಟು, ಪೂಜೆ ನೈವೇದ್ಯ ಮುಗಿಸಿ ಎಲೆಯ ಮುಂದೆ ಕೂರುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿಯವರೆಗೆ ನನ್ನ ಬಾಯಿಗೆ ಏನೂ ಹೋಗುವುದಿಲ್ಲ, ಅವಳ ಬಾಯಿಗೂ ಇಲ್ಲ.

ಇಂದು ಬೆಳಿಗ್ಗೆ ವಿಠ್ಠಲ ಉಪ್ಪಿಟ್ಟಿನ ತಾಟು ಹಿಡಿದು ಅವಳ ಮುಂದೆ ನಿಂತ.

"ಕಾಕು, ತಿಂದು ಗುಳಗಿ ನುಂಗು. ಎಂಟು ಹೊಡೀತು."

"ಅಕ್ಕಾಂದು ಆಗ್ಲಿ ತಮ್ಮಾ."

"ಅವ್ವಂದು ಒಂದು ಗಂಟೆಗ ಆಗ್ತದ!"

"ಆಗ್ಲಿ. ನಾ ಎಲ್ಲಿಗೂ ಹೊಂಟಿಲ್ಲಲ್ಲ."

ದೇವರ ಮನೆಯಲ್ಲಿ ಕೂತು ಎಲ್ಲ ಕೇಳಿದೆ. ಡಾಕ್ಟರು, ಮಗ, ಸೊಸೆ, ಮೊಮ್ಮಗಳು, ಪಕ್ಕದ ಮನೆಯವಳು, ಎಲ್ಲರೂ ಅವಳ ಪಾಲಾದರು. ಆದರೆ ಅವಳು ಮಾತ್ರ ನನ್ನ ಕೈಯಲ್ಲೇ ಇದ್ದಾಳೆ. ಇಂದು ಜಪದ ಮಾಲೆ ಒಂದು ಸುತ್ತು ಹೆಚ್ಚಿಗೆ ತಿರುಗಿಸಿದೆ. ಬಾಗಿಲ ಸಂದಿಯಿಂದ ನೋಡಿದರೆ ಚಂಪಾ ಅಂಗೈಯಲ್ಲಿ ಗುಲಾಬಿ ಬಣ್ಣದ ಗುಳಿಗೆ ಇಟ್ಟುಕೊಂಡು ಕಂಬಕ್ಕೆ ಆತು ಕೂತಿದ್ದಳು.

22 ಜೂನ್, ಭಾನುವಾರ

ವಾಡಿಗೆ ಹೋಗಿ ಬಂದೆವು. ಕಾರ್ಖಾನೆಯವರು ಕೆಲಸಗಾರರ ಮನೆಯವರಿಗೆಲ್ಲ ಹೃದಯದ ತಪಾಸಣೆ ಇಟ್ಟಿದ್ದರು. ವಿಠ್ಠಲ, "ಅವ್ವಾ, ನೀನೂ ಒಂದ್ಸಲ ತೋರಸು" ಎಂದ. ಮೊದಲ ಸಲ ನನ್ನ ಹೆಸರು ಅವನ ಬಾಯಲ್ಲಿ ಬಂತು. ಚಂಪಾನ ಬಿಪಿ ನೂರಾ ಎಪ್ಪತ್ತು ಎಂದು ಮನೆಯವರೆಲ್ಲ ಮಂತ್ರದಂತೆ ಹೇಳುತ್ತಿರುತ್ತಾರೆ. ನನ್ನದೂ ನೋಡೋಣ ಎಂದು ಹಟ ಬಂತು. ಉಪ್ಪು ತಿಂದರೆ ಏರುತ್ತದೆ ಎಂದು ಅವರೇ ಹೇಳಿದ್ದು. ನಿನ್ನೆ ಸಂಜೆ ಏಣಿ ಹಾಕಿ ಅಟ್ಟದಿಂದ ಉಪ್ಪಿನಕಾಯಿ ಇಳಿಸಿ ಅನ್ನಕ್ಕಿಂತ ಹೆಚ್ಚು ಅದನ್ನೇ ತಿಂದೆ. ಇಂದು ರೈಲಿನಲ್ಲಿ ಚಿತ್ತಾಪುರ ದಾಟುವಾಗ ನಶ್ಯವನ್ನೂ ಚೆನ್ನಾಗಿ ಏರಿಸಿದೆ.

ತಪಾಸಣೆಯ ಕೋಣೆಯ ಗೋಡೆಗೆ ಚಿತ್ರ ಹಚ್ಚಿದ್ದರು. ಉಪ್ಪಿನ ಡಬ್ಬಿ, ಬೀಡಿ, ಎಣ್ಣೆಯ ಬಾಣಲೆ, ಹೊಟ್ಟೆ ಬಂದ ಗಂಡಸು, ಕಣ್ಣು ಕೆಂಪಗೆ ಮಾಡಿಕೊಂಡ ಹೆಂಗಸು. ಇವೆಲ್ಲ ಹೃದಯಕ್ಕೂ ರಕ್ತನಾಳಕ್ಕೂ ಮುಳುವಂತೆ. ಡಾಕ್ಟರ್ ಹುಡುಗಿ ಪ್ರಮಿತಾಳಿಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ.

"ಅಜ್ಜಿ, ಉಪ್ಪು ಭಾಳ ತಿಂತೀರೇನ್ರಿ?"

"ಉಪ್ಪಿಲ್ಲದ್ದು ನನ್ನ ಗಂಟಲ್ದಾಗ ಇಳಿಯಂಗಿಲ್ಲವ್ವ."

"ತಂಬಾಕು?"

"ಛೀ, ಛೀ. ನಶ್ಯ ಏರಸ್ತೀನಿ."

"ಅದೂ ತಂಬಾಕೇ ಅಜ್ಜಿ."

"ಹಂಗಾದ್ರ ಅದನ್ನೂ ಬರ್ಕೋ."

"ನಿಮ್ಮ ತವರಾಗ ಯಾರಿಗಾದ್ರೂ ಎದಿ ಬ್ಯಾನಿ ಇತ್ತೇನ್ರಿ?"

"ನಮ್ಮಪ್ಪ ಎಲಿ ಮುಂದ ಕೂತಾಂವ ಏಳ್ಲೇ ಇಲ್ಲ. ನಮ್ಮಣ್ಣ ಐವತ್ತು ತುಂಬೂದ್ರಾಗ ಹೋದ. ಈಕಿ ತವರಾಗ ನೋಡು, ಎಲ್ಲಾರೂ ಗುಂಡಕಲ್ಲಿನಂಗ ಅದಾರ."

"ಸಿಟ್ಟು?"

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಚಂಪಾ ಫಕ್ಕನೆ ನಕ್ಕಳು. ವಿಠ್ಠಲನೂ ನಕ್ಕ. ಆ ಹುಡುಗಿ ಪಟ್ಟಿ ಸುತ್ತಿ ಗಾಳಿ ಹೊಡೆದಳು. ಬಿಚ್ಚಿದಳು. ಮತ್ತೆ ಸುತ್ತಿದಳು. ನಗು ನಿಂತಿತು.

"ಇನ್ನೂರಾ ಹತ್ತು" ಎಂದಳು.

"ಈಕಿದು?"

"ಅವ್ರದು ಈಗ ನೂರಾ ಅರವತ್ತು ಅದ. ಅಜ್ಜಿ, ನಗಬ್ಯಾಡ್ರಿ. ನಿಮ್ಮದು ಯಾವ ಹೊತ್ತಿನಾಗ ಏನಾಗ್ತದ ಹೇಳ್ಲಿಕ್ಕ ಬರಂಗಿಲ್ಲ. ಇವತ್ತಿಂದ್ಲೇ ಗುಳಗಿ ಶುರು ಮಾಡ್ರಿ. ಮುಂಜಾನೆ ತಿಂಡಿ ಆದ ಮ್ಯಾಲೆ, ತಪ್ಪಸಬ್ಯಾಡ್ರಿ."

ನೂರಾ ಅರವತ್ತೆಲ್ಲಿ, ಇನ್ನೂರಾ ಹತ್ತೆಲ್ಲಿ! ರೈಲಿನಲ್ಲಿ ವಿಠ್ಠಲ ನನ್ನನ್ನು ಕಿಟಕಿಯ ಬದಿಗೆ ಕೂರಿಸಿ ನೀರು ಕುಡಿಸಿದ. ಎದುರಿಗೆ ಕೂತ ಚಂಪಾ ಸೇಡಂ ಬರುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಸೋತದ್ದಕ್ಕೆ ಇರಬೇಕು.

24 ಜೂನ್, ಮಂಗಳವಾರ

ವಿಠ್ಠಲ ಕಚೇರಿಯಿಂದ ಬಂದವನೇ ಮೊದಲು ನನ್ನನ್ನು ಕೇಳಿದ. ಪ್ರಮಿತಾ ಕಾಲು ಒತ್ತಿದಳು. ಸಾರಿಗೆ ಉಪ್ಪಿಲ್ಲ, ಆದರೂ ಇಂದು ಇಳಿಯಿತು.

1 ಜುಲೈ, ಮಂಗಳವಾರ

ಎಲ್ಲ ಮೊದಲಿನಂತೆಯೇ. ನಾನು ನಾಲ್ಕು ದಿನದ ಸುದ್ದಿ, ಚಂಪಾ ದಿನಾ ಸುದ್ದಿ. ಅವಳ ಕಾಲು ಬಾತಿದೆ ಎಂದು ಧನಶ್ರೀ ಬಿಸಿನೀರು ಕಾಯಿಸಿಕೊಟ್ಟಳು.

ನನಗೆ ಕೊಟ್ಟ ಗುಳಿಗೆ ನಾನು ನುಂಗುತ್ತಿಲ್ಲ, ಹಳೆಯ ಕುಂಕುಮದ ಡಬ್ಬಿಯಲ್ಲಿ ಹಾಕಿಡುತ್ತೇನೆ. ನುಂಗಿದರೆ ಇನ್ನೂರಾ ಹತ್ತು ಇಳಿಯುತ್ತದೆ. ಇಳಿದರೆ ನನ್ನನ್ನು ಕೇಳುವವರು ಯಾರು? ಅಲ್ಲದೆ ಪೂಜೆಗೆ ಮೊದಲು ತಿಂಡಿ ತಿನ್ನು ಎನ್ನುತ್ತಾಳೆ ಆ ಹುಡುಗಿ. ನಾನೇನು ಹೋಟೆಲಿನ ಗಿರಾಕಿಯೇ?

ಪೂಜೆಯ ತಂಬಿಗೆ ಎಡಗೈಯಿಂದ ಜಾರಿ ಬಿತ್ತು. ಸ್ವಲ್ಪ ಹೊತ್ತು ಬೆರಳು ನನ್ನವಲ್ಲ ಅನ್ನಿಸಿತು. ಧನಶ್ರೀ ತಂಬಿಗೆಗೆ ಎಣ್ಣೆಕೈ ಹಚ್ಚಿರುತ್ತಾಳೆ. ಸದ್ದು ಕೇಳಿ ಚಂಪಾ ಓಡಿ ಬಂದು ನನ್ನ ಕೈ ಹಿಡಿದು ತಿಕ್ಕತೊಡಗಿದಳು. ಕೊಡವಿದೆ.

"ಅಕ್ಕಾ, ಗುಳಗಿ ತಗೋತೀರಿ ಹೌದಿಲ್ಲೋ? ನಿಮಗೇನರೆ ಆದ್ರ ನಾ ಯಾರ ಮುಖಾ ನೋಡ್ಲಿ?"

ನನಗೇನಾದರೂ ಆಗಲಿ ಎಂದು ಕಾಯುವವರ ಮಾತು ಹೀಗೇ ಇರುತ್ತದೆ.

6 ಜುಲೈ, ಭಾನುವಾರ

ಖುರ್ಷಿದಬೇಗಂ ಕಾಂಪೌಂಡಿನ ಗೋಡೆಗೆ ಮೊಣಕೈ ಊರಿ ನಿಂತಳು. ನಾನು ಶ್ಯಾವಿಗೆ ಒಣಗಿಸುತ್ತಿದ್ದೆ.

"ತುಂಗಾಬಾಯಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ."

"ಸಿಟ್ಟು ನನ್ನ ಜೋಡಿನೇ ಹುಟ್ಟ್ಯಾದ. ಕೇಳ್ರಿ."

"ನೀವು ಜರಾ ಜಲ್ದಿ ಊಟ ಮಾಡಿದ್ರ ನಿಮ್ಮ ದೇವ್ರು ನಾರಾಜ್ ಆಗ್ತಾನೇನ್ರಿ? ಚಂಪಾಬಾಯಿ ಈಗ ರಸ್ತಾದಾಗ ಕಲ್ಲ ಕಲ್ಲಿಗೆ ಕುಂದುರ್ತಾರ. ಮುಂಜಾನಿ ದವಾ ಮಧ್ಯಾಹ್ನ ತಗೊಂಡ್ರ ಅದರ ಫಾಯ್ದಾ ಏನು?"

"ಆಕಿ ನನ್ನ ಮ್ಯಾಲೆ ದೂರು ಹೇಳ್ಯಾಳೇನು ನಿಮ್ಮ ಮುಂದ?"

"ಇಲ್ರಿ, ಅದೇ ನನಗ ಹೊಟ್ಟಿ ಉರೀತದ. ಎಷ್ಟು ಕೆದಕಿದ್ರೂ ಒಂದು ಮಾತು ಹೊರಗ ಬರಂಗಿಲ್ಲ. ಅಕ್ಕ ಉಣ್ಲಿ, ಅಂತಾರ. ಅಷ್ಟೇ."

"ನಮ್ಮ ಮನಿ ರೀತಿ ನಮಗ ಗೊತ್ತದ. ನೀವು ನಿಮ್ಮ ಸೊಸ್ತೇರನ್ನ ನೋಡ್ಕೋರಿ."

"ನೋಡ್ಕೋತೀನ್ರಿ. ನನ್ನ ಸೊಸ್ತೇರು ನನಗಿಂತ ಮೊದ್ಲೇ ಉಂಡು ತೇಗ್ತಾರ, ದೇವ್ರು ಅವರನ್ನ ಛಂದ ಇಟ್ಟಾನ" ಎಂದು ಸೆರಗು ಝಾಡಿಸಿ ಒಳಗೆ ಹೋದಳು.

ನಾಲಗೆ ನೋಡು ಅವಳದು. ಮಧ್ಯಾಹ್ನ ಬೇಕೆಂದೇ ಎರಡು ಗಂಟೆ ಮಾಡಿದೆ.

10 ಜುಲೈ, ಗುರುವಾರ, ಏಕಾದಶಿ

ಹನಿ ನೀರೂ ಮುಟ್ಟದ ದಿನ. ಚಂಪಾ ಉಪವಾಸ ಮಾಡಕೂಡದು ಎಂದು ಡಾಕ್ಟರ ಅಪ್ಪಣೆಯಂತೆ. ವಿಠ್ಠಲ ಬೆಳಿಗ್ಗೆ ಬಜಾರಿಗೆ ಹೋಗಿ ಅವಳಿಗೆಂದು ದಾಳಿಂಬೆ ತಂದು, ತಾನೇ ಬಿಡಿಸಿ ಬಟ್ಟಲಲ್ಲಿಟ್ಟ. ತಾನೇ! ನನ್ನ ಮಗ ತನ್ನ ಅಂಗಿಯ ಗುಂಡಿ ತಾನು ಹಾಕಿಕೊಳ್ಳುವವನಲ್ಲ. ಚಂಪಾ ಬಟ್ಟಲು ಮುಚ್ಚಿಟ್ಟಳು. ಸಂಜೆಯವರೆಗೂ ಅದು ಹಾಗೇ ಇತ್ತು. ಸಂಜೆ ವಿಠ್ಠಲ ನನ್ನ ಮೇಲೆ ಹಾರಿದ.

"ಅವ್ವಾ, ನೀ ಒಂದು ಹಣ್ಣು ಬಾಯಾಗ ಹಾಕ್ಕೊಂಡ್ರ ಆಕಿ ಗುಳಗಿ ನುಂಗ್ತಾಳ. ಒಂದೇ ಒಂದು ಹಣ್ಣು!"

"ಏಕಾದಶಿ ದಿವ್ಸ ತಿನ್ನು ಅಂತೀಯಾ? ನಿಮ್ಮಪ್ಪ ಇದ್ದಿದ್ರ ಇಂಥಾ ಮಾತು ಆಡ್ತಿದ್ದೇನು?"

"ಅಪ್ಪ ಇದ್ದಿದ್ರ ಮೊದಲು ನಿನಗ ಗುಳಗಿ ನುಂಗಸ್ತಿದ್ದ. ಡಬ್ಬಿ ನೋಡೀನಿ ನಾ."

"ನೋಡಿದಿ ಅಂದ್ರ ಯಾಕ ಕೇಳ್ಲಿಲ್ಲ? ಇನ್ನೂರಾ ಹತ್ತು ನಂದು. ನನಗೊಂದು ದಾಳಿಂಬರಿ ತಂದೀಯೇನು?"

"ನಿನ್ನ ಸಂಗಾಟ ಮಾತಾಡೋದು ಗ್ವಾಡಿಗೆ ತಲಿ ಹೊಡ್ಕೊಂಡಂಗ" ಎಂದು ಹೊರಗೆ ಹೋದ.

ಹೋಗಲಿ. ನಾಳೆಯೂ ಉಣ್ಣುವುದಿಲ್ಲ. ಬಂದು ಕಾಲು ಹಿಡಿಯಲಿ.

11 ಜುಲೈ, ಶುಕ್ರವಾರ, ದ್ವಾದಶಿ

ಪಾರಣೆಗೆ ತೀರ್ಥ ತೆಗೆದುಕೊಂಡೆ. ಎಲೆಯ ಮುಂದೆ ಕೂರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದೆ. ಚಂಪಾ ಬಂದಳು.

"ಅಕ್ಕಾ, ನನ್ನ ಮ್ಯಾಲಿನ ಸಿಟ್ಟು ಅನ್ನದ ಮ್ಯಾಲೆ ಬ್ಯಾಡ್ರಿ. ಏಳ್ರಿ. ಎರಡು ತುತ್ತು."

ಸೆರಗು ಮುಖದ ಮೇಲೆ ಎಳೆದುಕೊಂಡೆ. ಬಾಗಿಲಲ್ಲಿ ಭಾಳ ಹೊತ್ತು ನಿಂತಿದ್ದಳು. ಆಮೇಲೆ ಅಡುಗೆ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಬೀಳಲಿ, ಅವಳ ಕೈಯೂ ಜಾರಲಿ ಅಂದುಕೊಂಡೆ.

ಧನಶ್ರೀ ಚೀರಿದಳು.

14 ಜುಲೈ, ಸೋಮವಾರ, ಗುಲಬರ್ಗಾ

ಲಕ್ವಾ. ಬಲಗೈ, ಬಲಗಾಲು ಬಿದ್ದಿವೆ. ಬಾಯಿ ಒಂದು ಕಡೆಗೆ ಎಳೆದಿದೆ. ಏನೋ ಹೇಳುತ್ತಾಳೆ, ತಿಳಿಯುವುದಿಲ್ಲ. ಬಿಪಿ ಏರಿ ತಲೆಯ ರಕ್ತನಾಳಕ್ಕೆ ಪೆಟ್ಟಾಗಿದೆ, ಗುಳಿಗೆ ಹೊತ್ತಿಗೆ ಸರಿಯಾಗಿ ಹೋಗಿಲ್ಲ ಎಂದರು ಡಾಕ್ಟರು. ವಿಠ್ಠಲ ನನ್ನ ಕಡೆ ನೋಡಲಿಲ್ಲ. ಅವಳ ಪಾದ ತಿಕ್ಕುತ್ತ ಕೂತಿದ್ದ.

ಡೈರಿ ಚೀಲದಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಬರೆಯಲು ಏನಿಲ್ಲ.

15 ಜುಲೈ, ಮಂಗಳವಾರ

ದವಾಖಾನೆಯಲ್ಲಿ ಮೈಲಿಗೆ, ನನಗೆ ಉಣ್ಣಲು ಬರುವುದಿಲ್ಲ. ಇಷ್ಟು ದಿನ ನನಗೆ ಬಾಳೆಹಣ್ಣು, ನೀರು, ಚಂಪಾಗೆ ಸಲಾಯಿನ್. ಇಂದು ನರ್ಸ್ ಗಂಜಿ ತಂದಳು. ಚಂಪಾ ಬಾಯಿ ಬಿಗಿದುಕೊಂಡಳು. ನರ್ಸ್ ಗದರಿದಳು. ಚಂಪಾ ಎಡಗೈ ಎತ್ತಿ ನನ್ನನ್ನು ತೋರಿಸಿದಳು.

"ಏನಂತಾರ್ರಿ ಇವ್ರು?"

ಖುರ್ಷಿದಬೇಗಂ ಬೆಳಗಿನ ರೈಲಿಗೆ ನೋಡಲು ಬಂದಿದ್ದಳು. "ಆ ಅಮ್ಮ ಉಂಡ ಮ್ಯಾಲೆ ಈ ಅಮ್ಮ ಉಣ್ತಾರ್ರಿ ಸಿಸ್ಟರ್, ಅವರ ಮನೀ ಕಾಯ್ದೆ" ಎಂದಳು.

"ಕಾಯ್ದೆ ಮನ್ಯಾಗ ಇಟ್ಟು ಬರ್ರಿ! ಹೊಟ್ಟ್ಯಾಗ ಏನರೆ ಹೋಗದ ಗುಳಗಿ ಹೆಂಗ ಕೊಡ್ಲಿ?"

ಖುರ್ಷಿದಬೇಗಂ ಚೀಲದಿಂದ ಬ್ರೆಡ್ ತೆಗೆದು ನನ್ನ ಮುಂದೆ ಹಿಡಿದಳು. ಆ ಹೆಂಗಸು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮದುವೆಯಾದಾಗಿನಿಂದ ಅಂಗಡಿಯ ತಿನಿಸು ನನ್ನ ನಾಲಗೆಗೆ ತಾಗಿಲ್ಲ.

ತಿಂದೆ.

ಬ್ರೆಡ್ಡಿಗೆ ರುಚಿ ಎಂಬುದಿಲ್ಲ. ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಾನು ನುಂಗುವವರೆಗೂ ಚಂಪಾ ನನ್ನ ಗಂಟಲನ್ನೇ ನೋಡಿದಳು, ಆಮೇಲೆ ಬಾಯಿ ತೆರೆದಳು. ನರ್ಸ್ ಕೈಯಿಂದ ಚಮಚ ಕಸಿದುಕೊಂಡೆ. ನನ್ನ ನೆಗೆಣ್ಣಿಗೆ ಯಾರು ಯಾರೋ ಉಣಿಸುವುದೇನು?

ನನ್ನ ಗುಳಿಗೆಯನ್ನೂ ಅವಳ ಮುಂದೆಯೇ ನುಂಗಿದೆ. ನುಂಗದಿದ್ದರೆ ಮತ್ತೆ ಬಾಯಿ ಬಿಗಿಯುತ್ತಾಳೆ. ಬೇರೆ ಕಾರಣವಿಲ್ಲ.

1 ಆಗಸ್ಟ್, ಶುಕ್ರವಾರ, ಸೇಡಂ

ನಾಳೆ ನಾಗರ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಚಂಪಾನ ತಮ್ಮ ಶಾಮರಾಯ ಚಿಮ್ಮನಚೋಡದಿಂದ ಹೆಂಡತಿಯ ಜೊತೆ ಗಾಡಿ ಮಾಡಿಕೊಂಡು ಬಂದ. ದವಾಖಾನೆಯಿಂದ ಬಂದು ವಾರವೂ ಆಗಿಲ್ಲ, ಈಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ.

"ಅಕ್ಕನ್ನ ಪಂಚಮಿಗೆ ಕರ್ಕೊಂಡು ಹೋಗ್ತೀನ್ರಿ. ಆರಾಮ ಆಗೋತನಾ ಅಲ್ಲೇ ಇರ್ಲಿ."

"ಇಷ್ಟು ವರ್ಷ ಪಂಚಮಿ ನೆನಪಾಗಿದ್ದಿಲ್ಲೇನು ನಿಮಗ?"

"ಪ್ರತಿ ವರ್ಷ ಬರ್ತಿದ್ದೆರಿ. ನೀವೇ ಕಳಸ್ತಿದ್ದಿಲ್ಲ."

ನಾನು ವಿಠ್ಠಲನ ಕಡೆ ತಿರುಗಿದೆ. "ನೀ ಸುಮ್ಮ ಕೂತೀಯಲ್ಲ, ಆಕಿನ್ನ ಯಾರು ನೋಡ್ಕೋತಾರ ಅಲ್ಲಿ?"

"ಹೋಗ್ಲಿ ಬಿಡವ್ವ. ಅಲ್ಲಿ ಆಕಿನೇ ಹಿರೇಕಿ. ಮೊದಲು ಉಣ್ತಾಳ" ಎಂದ.

ಸಿಟ್ಟಿನಲ್ಲಿ ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ಮೆಲ್ಲಗೆ ಅಂದ.

ಗಾಡಿ ಹತ್ತಿಸುವಾಗ ಚಂಪಾ ನನ್ನ ಸೆರಗು ಹಿಡಿದು ಏನೋ ತೊದಲಿದಳು. "ಉಣ್ರಿ" ಅಂದಂತೆ ಕೇಳಿತು. ಶಾಮರಾಯನ ಹೆಂಡತಿ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಬಂದವಳೇ ಹೀಗೆ ಹಕ್ಕು ಸಾಧಿಸಿದರೆ ಹೇಗೆ? ಆ ಹೆಗಲಾದರೂ ಏನು, ಮೂಳೆ.

9 ಆಗಸ್ಟ್, ಶನಿವಾರ

ಈಗೀಗ ನನಗೆ ಹಸಿವು ಬೇಗ ಆಗುತ್ತದೆ. ಎಂಟಕ್ಕೆಲ್ಲ ಪೂಜೆ ಮುಗಿದಿರುತ್ತದೆ. ವಯಸ್ಸಾದ ಮೇಲೆ ಹೀಗೇ ಅಂತೆ. ನಶ್ಯದ ಡಬ್ಬಿ ಎಲ್ಲಿಟ್ಟೆನೋ, ಹುಡುಕಲು ಹೋಗಿಲ್ಲ. ಈ ಸಲದ ಉಪ್ಪಿನಕಾಯಿ ಯಾಕೋ ಸೇರುವುದಿಲ್ಲ, ಮಾವಿನಕಾಯಿಯೇ ಸರಿ ಇರಲಿಲ್ಲ.

ನಸುಕಿನಲ್ಲಿ ಖುರ್ಷಿದಬೇಗಂ ಜೊತೆ ಸ್ಟೇಷನ್ ರಸ್ತೆಗೆ ಹೋಗಿ ಬರುತ್ತೇನೆ. ನಡೆಯುವ ಆಸೆಯಿಂದಲ್ಲ. ಅಷ್ಟು ದಿನ ಇಬ್ಬರೂ ನನ್ನ ಬಗ್ಗೆ ಏನು ಆಡಿಕೊಂಡು ನಗುತ್ತಿದ್ದರೋ ತಿಳಿಯಬೇಕು. ಇಂದು ಬಿಡದೆ ಕೇಳಿದೆ.

"ಹೇಳಿದ್ರ ಹೊಡೀತೀರಿ."

"ಹೊಡ್ಯಂಗಿಲ್ಲ, ಹೇಳ್ರಿ."

"ನೀವು ಹೆಂಗ ಬೈತೀರಿ, ಅದನ್ನ ಮಾಡಿ ತೋರಸ್ತಿದ್ರು ಚಂಪಾಬಾಯಿ. ಥೇಟ್ ನಿಮ್ಮಂಗೇ. ಸೊಂಟದ ಮ್ಯಾಲೆ ಕೈ ಇಟ್ಕೊಂಡು. ಆಮ್ಯಾಲ ಅಂತಿದ್ರು, ನಮ್ಮ ಅಕ್ಕನ ಬೈಗಳ ಕೇಳದಿದ್ರ ನನಗ ಬೆಳಗಾಗಂಗಿಲ್ಲ, ಅಂತ."

ಅವಳು ನನ್ನನ್ನು ಅಣಕಿಸುತ್ತಿದ್ದಳು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೊಮ್ಮೆಯೂ ತೋರಿಸಲಿಲ್ಲ. ರಸ್ತೆಯ ಮೇಲಿನ ಜನಕ್ಕೆ ತೋರಿಸಿದಳು. ಬರುವಾಗ ಕಣ್ಣಿಗೆ ಸುಣ್ಣದ ಧೂಳು ಹೋಗಿ ನೀರು ಸುರಿಯಿತು.

16 ಆಗಸ್ಟ್, ಶನಿವಾರ

ಶಾಮರಾಯ ಊರಿನ ಎಸ್‌ಟಿಡಿ ಅಂಗಡಿಯಿಂದ ಫೋನ್ ಮಾಡಿದ್ದ. ಚಂಪಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲವಂತೆ, ಗುಳಿಗೆಯೂ ತಡವಾಗುತ್ತಿದೆಯಂತೆ. ದಿನಾ ಬೆಳಿಗ್ಗೆ ಎಲ್ಲರನ್ನೂ ತೊದಲು ಮಾತಲ್ಲಿ ಅದೇ ಒಂದು ಕೇಳುತ್ತಾಳಂತೆ, ಅಕ್ಕ ಉಂಡಳಾ ಎಂದು. ಅವರು ಉಂಡರು ಎಂದರೆ ನಂಬುವುದಿಲ್ಲ. ಬೆರಳು ತಿರುಗಲಿ ಎಂದು ಡಾಕ್ಟರು ಬಲಗೈಯಲ್ಲಿ ಪೆನ್ಸಿಲ್ ಹಿಡಿಸಲು ಹೇಳಿದ್ದರೆ ಅದನ್ನೂ ಎಸೆಯುತ್ತಾಳಂತೆ.

"ಏನ್ ಮಾಡ್ಬೇಕವ್ವ?" ಎಂದ ವಿಠ್ಠಲ. ಫೋನ್ ಇಟ್ಟು ನನ್ನ ಪಕ್ಕದಲ್ಲೇ ಕೂತ. ಎಷ್ಟು ದಿನವಾಗಿತ್ತು ಅವನು ಹಾಗೆ ಕೂತು.

ಹಿರಿಯಳು ಅಂತೆ, ಮೊದಲು ಉಣ್ಣುತ್ತಾಳಂತೆ! ನಾನು ಆವತ್ತೇ ಅಂದುಕೊಂಡಿದ್ದೆ, ಆ ಶಾಮರಾಯನ ಹೆಂಡತಿಗೆ ಇವಳಿಗೆ ಉಣಿಸುವುದು ಬರುವುದಿಲ್ಲ ಎಂದು. ಈ ಚಂಪಾ ಯಾರ ಮಾತಿಗೂ ಬಗ್ಗುವವಳಲ್ಲ. ಅವಳಿಗೆ ಹೇಳುವ ಬಾಯಿ ಒಂದೇ ಇದೆ.

17 ಆಗಸ್ಟ್, ಭಾನುವಾರ

ಕಾಗದ ಬರೆದೆ. ಪ್ರಮಿತಾ ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ. ಅವಳ ಅಕ್ಷರ ನೋಡಿದರೆ ಚಂಪಾ ನಂಬುವುದಿಲ್ಲ. ಲಕೋಟೆಗೆ ಹಾಕುವ ಮೊದಲು ಇಲ್ಲಿಯೂ ಇಳಿಸಿಡುತ್ತೇನೆ. ನಾಳೆ ಅವಳು ಹೀಗಲ್ಲ, ಹಾಗೆ ಬರೆದಿದ್ದಿರಿ ಎಂದು ವಾದಕ್ಕೆ ನಿಂತರೆ ತೋರಿಸಬೇಕಲ್ಲ.

ಚಂಪಾಗೆ ಅಕ್ಕನ ಆಶೀರ್ವಾದ.

ನಾನು ದಿನಾ ಎಂಟಕ್ಕೆ ಉಣ್ಣುತ್ತೇನೆ. ಪೂಜೆ ಬೇಗ ಮುಗಿಸುತ್ತೇನೆ, ದೇವರು ಇಲ್ಲಿಯವರೆಗೆ ಏನೂ ಅಂದಿಲ್ಲ. ಇನ್ನು ಮುಂದೆ ಬೆಳಗಾದರೆ ಅಕ್ಕ ಉಂಡಳಾ ಎಂದು ನಿನ್ನ ತಮ್ಮನ ತಲೆ ತಿನ್ನಬೇಡ. ಚಿಮ್ಮನಚೋಡದಲ್ಲಿ ಎಂಟಾದರೆ ಸೇಡಂನಲ್ಲೂ ಎಂಟೇ ಆಗಿರುತ್ತದೆ. ಆ ಹೊತ್ತಿಗೆ ನಾನು ಉಂಡು ಕೈ ತೊಳೆದಿರುತ್ತೇನೆ. ನೀನೂ ಉಣ್ಣು, ಗುಳಿಗೆ ನುಂಗು. ಏಕಾದಶಿಯ ದಿನವೂ ನಾನು ಒಂದು ಬಾಳೆಹಣ್ಣು ತಿಂದು ಗುಳಿಗೆ ನುಂಗುತ್ತೇನೆ, ಆ ದಿನವೂ ನಿನಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಮೊನ್ನೆ ದವಾಖಾನೆಯಲ್ಲಿ ನೋಡಿದರು, ನನ್ನ ಬಿಪಿ ನೂರಾ ಐವತ್ತಕ್ಕೆ ಇಳಿದಿದೆ. ನಿನ್ನದೆಷ್ಟು? ಇಳಿಸುವುದರಲ್ಲಾದರೂ ನನ್ನ ಸರಿಸಮಕ್ಕೆ ಬಾ ನೋಡೋಣ.

ನಿನಗೆ ನನ್ನಂತೆ ಬೈಯಲು ಬರುತ್ತದಂತೆ. ನಾನು ಯಾವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡೆ? ಬಂದು ನನ್ನ ಎದುರಿಗೆ ಮಾಡಿ ತೋರಿಸು. ಅದಕ್ಕೆ ಎರಡೂ ಕೈ ಬೇಕು. ಆದ್ದರಿಂದ ಪೆನ್ಸಿಲ್ ಎಸೆಯಬೇಡ. ತಮ್ಮನ ಹೆಂಡತಿಯ ಕೈಯಲ್ಲಿ ಬರೆಸಿ ಕಳಿಸಿದರೆ ಓದದೆ ಒಲೆಗೆ ಹಾಕುತ್ತೇನೆ, ತಿಳಿದಿರಲಿ. ಆ ಬಲಗೈಯಿಂದಲೇ ಬರೆ. ಅಕ್ಷರ ಸೊಟ್ಟ ಬಂದರೆ ಬರಲಿ, ನೀನು ಏಳನೆಯ ಇಯತ್ತೆ ಓದಿದವಳೆಂದು ಮೆರೆದದ್ದು ಸಾಕು. ಭಾಳ ಬೇಡ, ಉಂಡೆ ಎಂದು ಒಂದು ಮಾತು ಬರೆದರೆ ಆಯಿತು.

ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈ ಸೇರಬೇಕು.